ರಘುರಾಮಣ್ಣ ಹುಡುಕಿ ತಂದ ಪಾಯಸದ ದೃಶ್ಯ

ಇಲ್ಲ... ಸುಳ್ಳು ಸುದ್ದಿ ಅಂತಲೇ ಅಂದುಕೊಂಡೆ.

ಬೆಳಿಗ್ಗೆ ರಘುರಾಮಣ್ಣನ ತಮ್ಮ ಫೋನ್ ಮಾಡಿದಾಗ "ಯಾವ ರಘುರಾಮ?" ಎಂದು ಕೇಳಿದೆ.
ನನಗೆ ಗೊತ್ತಿರುವುದು ಒಬ್ಬರೇ ರಘುರಾಮ... ಆದರೂ ಕೇಳಿದೆ.
ಹಾರ್ಟ್ ಅಟ್ಯಾಕ್ ಅಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತಂತೆ.

ಈಗಷ್ಟೇ ಅವರ ಮನೆಯಿಂದ ಬಂದೆ. ಸುಮ್ಮನೆ ಕೂರಲಾಗುತ್ತಿಲ್ಲ. ಬರೆಯುತ್ತಿದ್ದೇನೆ...

ಕುಂದಾಪುರದವರಿಗೆ ಅವರನ್ನು ಪರಿಚಯಿಸಬೇಕಿಲ್ಲ. ತೊಂಬತ್ತೇಳರಲ್ಲಿ ವಿಡಿಯೊ ಲೈಬ್ರರಿ ತೆರೆದವರು.
ಹೊಸ ಸಿನಿಮಾ ಕೇಳಿ ಹೋದವರ ಕೈಗೆ ಹಳೆಯ ಕಪ್ಪು-ಬಿಳುಪು ಕಾಮಿಡಿ ಕ್ಯಾಸೆಟ್ಟನ್ನೂ ಇಟ್ಟು,
"ಇದನ್ನ್ ಕಾಣಿ. ನೆಗಿ ಬರ್ಲಿಲ್ಲೆ ಅಂದ್ರೆ ನಾಳೆ ಬಂದ್ ನಂಗೆ ಬಯ್ಲಕ್ಕ್" ಅನ್ನುತ್ತಿದ್ದರು.
ಬಯ್ದವರನ್ನು ನಾನು ನೋಡಿಲ್ಲ!

ಆಮೇಲೆ ಬೆಂಗಳೂರಿನ ಒಂದು ಹೋಮ್ ವಿಡಿಯೊ ಕಂಪನಿಗಾಗಿ ಹಳೆಯ ಹಾಸ್ಯಚಿತ್ರಗಳನ್ನು ಸರಿಮಾಡಿಕೊಡುವ ಕೆಲಸಕ್ಕಿಳಿದರು.
ನಾನಾಗ ಕೋಟೇಶ್ವರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದೆ.
ಒಂದು ದಿನ ಸ್ಟುಡಿಯೊ ಬಾಗಿಲಲ್ಲಿ ನಿಂತು,
"ಹ್ವಾಯ್ ಶೈಲಾ, ಮದಿ ಕ್ಯಾಸೆಟ್ ಸಾಕ್. ಸಿನಿಮಾ ರಿಪೇರಿ ಮಾಡ್ವ, ಬಾ ಮಾರಾಯ್ತಿ" ಎಂದರು.
ಹೋದೆ.

ಮೊದಲ ಸಿನಿಮಾ, ಮದುವೆ ದಿಬ್ಬಣ ತಪ್ಪು ಮನೆಗೆ ಹೋಗಿಬಿಡುವ ಕಥೆ.
ಕಂಪನಿ ಕಳಿಸಿದ ಕಾಪಿಯಲ್ಲಿ ಮದುಮಗ ಊಟಕ್ಕೆ ಕೂರುತ್ತಾನೆ... ಮರುಕ್ಷಣ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಓಡುತ್ತಿರುತ್ತಾನೆ.
ನಡುವಿನ ಊಟವೇ ಮಾಯ!

ಆ ಊಟದ ದೃಶ್ಯದಲ್ಲಿ ಇದ್ದವರು ಬ್ರಹ್ಮಾವರದ ಗಿರಿಜಕ್ಕ.
ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಮದ್ರಾಸಿಗೆ ಹೋಗಿ ನಟಿಸಿದ್ದು ಅದೊಂದೇ ಸಿನಿಮಾ, ಅದೊಂದೇ ದೃಶ್ಯ.
ಟಿವಿಯಲ್ಲಿ ಬಂದಾಗ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿದರೆ... ಅವರೇ ಇಲ್ಲ.
"ಅಬ್ಬಿ, ನೀ ಸಿನಿಮಾ ಮಾಡದ್ ಕನಸಲ್ಲಾ ಎಂತ?" ಎಂದು ಮಗ ನಕ್ಕನಂತೆ.
ಆ ಮಾತು ಅವರಿಗೆ ಚುಚ್ಚಿತ್ತು. ಹಳೇ ಕ್ಯಾಸೆಟ್ಟಿನಲ್ಲಾದರೂ ಇರಬಹುದೆಂದು ಲೈಬ್ರರಿಗೆ ಬಂದರು.
"ನಾನ್ ಇಪ್ಪುದ್ ಇತ್ತಾ ನಿಮ್ಮ ಹತ್ರ?"
"ಈಗ ಇಲ್ಲೆ ಗಿರಿಜಕ್ಕ. ಆರೆ ನೀವ್ ಸಿಕ್ಕುವರಿಗೂ ನಾ ಬಿಡುದಿಲ್ಲೆ" ಅಂದರು ರಘುರಾಮಣ್ಣ.

ರಘುರಾಮಣ್ಣ... ನೀವು ಬಿಡಲಿಲ್ಲ.

ಊರೂರು ಹುಡುಕಿ, ಕೊನೆಗೆ ಕಡಲತಡಿಯ ನಾವುಂದ ಊರಿನಲ್ಲಿ, ಎಂದೋ ನಿಂತುಹೋದ ಟೂರಿಂಗ್ ಟಾಕೀಸ್‌ನವರ ಮನೆ.
ಹರಿದ ಬಲೆಗಳ ರಾಶಿಯ ಹಿಂದೆ ತುಕ್ಕು ಹಿಡಿದ ಡಬ್ಬಿ. ಉಪ್ಪುಗಾಳಿಗೆ ಮುಚ್ಚಳ ಕಚ್ಚಿಕೊಂಡುಬಿಟ್ಟಿತ್ತು.
ತೆರೆದರೆ ಗಪ್ಪನೆ ಹುಳಿ ವಾಸನೆ... ಫಿಲಂ ಕೊಳೆಯುವ ವಾಸನೆ.
ನಾನು ಮೂಗು ಮುಚ್ಚಿಕೊಂಡೆ. ನೀವು ಒಂದು ತುದಿಯನ್ನು ಬಿಸಿಲಿಗೆ ಹಿಡಿದು ಕೂಗಿದಿರಿ,
"ಗಿರಿಜಕ್ಕ ಸಿಕ್ರ್ ಮಾರಾಯ್ತಿ! ಕೈಯಗೆ ಪಾಯ್ಸದ್ ಪಾತ್ರಿ ಇತ್ತ್ ಕಾಣ್!"

ಚೆನ್ನೈ ಲ್ಯಾಬಿನವರು ಅಂಟಿದ ಸುರುಳಿ ಬಿಡಿಸಿ, ತೊಳೆದು, ಸ್ಕ್ಯಾನ್ ಮಾಡಿಕೊಟ್ಟರು.
ಒಂದೊಂದೇ ಫ್ರೇಮಿನ ಗೀರು ಅಳಿಸುತ್ತ ನಾವು ಕೂತೆವು.
ಚಿತ್ರ ಬಂತು. ಧ್ವನಿ ಬರಲಿಲ್ಲ... ಫಿಲಂನಲ್ಲಿ ಧ್ವನಿ ಅಚ್ಚಾಗಿರುವ ಅಂಚು ಪೂರ್ತಿ ಕೊಳೆತಿತ್ತು.

ಯಾರಿಂದಾದರೂ ಡಬ್ ಮಾಡಿಸಿ, ಇಲ್ಲವೇ ದೃಶ್ಯ ಕೈಬಿಡಿ ಎಂದರು ಕಂಪನಿಯವರು.
ನೀವು ಗಿರಿಜಕ್ಕನನ್ನೇ ಕೇಳಿದಿರಿ.
"ಆ ಪ್ರಾಯದ್ ಹೆಣ್ಣಿಗೆ ಈ ಮುದ್ಕಿ ದನಿಯಾ? ಬ್ಯಾಡ ಮಾರಾಯ್ರೆ. ಬೇರೆಯವ್ರದ್ದೂ ಬ್ಯಾಡ. ನಾ ಆಡದ್ ಮಾತ್ ನಂಗ್ ನೆನ್ಪಿತ್ತ್, ಬರ್ಕಣಿ."
ಅವರು ಹೇಳುತ್ತ ಹೋದರು. ನಾನು ಆ ಮಾತುಗಳನ್ನು ಪರದೆಯ ಕೆಳಗೆ ಅಕ್ಷರವಾಗಿ ಕೂರಿಸಿದೆ. ತುಟಿ ಅಲುಗಿದಂತೆಯೇ ಮಾತು ಹೊಂದಿತು!

ಕಂಪನಿ ಒಪ್ಪಲಿಲ್ಲ. ನಡುವೆ ಧ್ವನಿ ನಿಂತರೆ ಡಿಸ್ಕ್ ಕೆಟ್ಟಿದೆ ಅಂತ ಜನ ವಾಪಸ್ ತರುತ್ತಾರೆ ಎಂದರು.
ನೀವು ಸ್ವರ ಏರಿಸದೆ ಫೋನಿನಲ್ಲಿ ಹೇಳಿದಿರಿ,
"ಸಾರ್, ಇಲ್ಲಿ ಧ್ವನಿ ಸಿಕ್ಕಿಲ್ಲ ಅಂತ ಮೊದಲೇ ಬರೆದುಬಿಡೋಣ. ಜನ ನಗ್ತಾರೆ, ಆ ಧೈರ್ಯ ನನಗಿದೆ. ಈ ದೃಶ್ಯ ಇಲ್ಲದಿದ್ದರೆ ನನ್ನ ಹೆಸರೂ ಬೇಡ."
ತಿಂಗಳುಗಟ್ಟಲೆ ಎಳೆದಾಡಿ ಕಡೆಗೂ ಒಪ್ಪಿದರು.

ಡಿವಿಡಿ ಬಂದ ದಿನ ಮಧ್ಯಾಹ್ನ, ಬ್ರಹ್ಮಾವರದ ಆ ಚಾವಡಿ...
ಮಗ, ಸೊಸೆ, ಮೊಮ್ಮಕ್ಕಳು, ನೆರೆಕರೆಯವರು.
ತಪ್ಪು ಮನೆಗೆ ಬಂದದ್ದು ಬಯಲಾಗಬಾರದೆಂದು ಮದುಮಗ ಮೂಗನಂತೆ ನಟಿಸುತ್ತಿದ್ದಾನೆ. ಸಾಕು ಎಂದು ಕೈ ಅಲ್ಲಾಡಿಸುತ್ತಾನೆ. ಹರೆಯದ ಗಿರಿಜಕ್ಕ ಅದನ್ನು ಇನ್ನೂ ಬೇಕು ಎಂದು ತಿಳಿದು ಪಾಯಸ ಸುರಿಯುತ್ತಲೇ ಇದ್ದಾರೆ!
ಟಿವಿಯಲ್ಲಿ ಒಂದು ಸದ್ದಿಲ್ಲ. ಚಾವಡಿಯಲ್ಲಿ ನಗು ನಿಲ್ಲಲಿಲ್ಲ.
ಮಗ ಕಣ್ಣೊರೆಸಿಕೊಳ್ಳುತ್ತ ಅಮ್ಮನ ಪಕ್ಕ ಹೋಗಿ ಕೂತ. "ಅಬ್ಬಿ... ನೀನೇ ಅಲ್ದಾ!"
ಗಿರಿಜಕ್ಕ ಮಾತ್ರ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು,
"ಸೆರ್ಗ್ ಒಂಚೂರ್ ಸಮ ಮಾಡ್ಕಣ್ಕಿತ್ತ್... ಇನ್ನೊಂದ್ ಸಲ ಹಾಕಿ, ಕಾಂಬ" ಎಂದರು.
ನೀವು ಹಾಕಿದಿರಿ. ಕೇಳಿದಾಗೆಲ್ಲ ಹಾಕಿದಿರಿ...

ಆ ಡಿವಿಡಿ ನೋಡಿದ ಮೇಲೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ತಾವಾಗಿಯೇ ಹಳೇ ಡಬ್ಬಿ ಹೊತ್ತು ತರತೊಡಗಿದರು.
ಎಲ್ಲವೂ ಉಳಿಯಲಿಲ್ಲ. ಉಳಿದ ನಗುವಿನಲ್ಲೆಲ್ಲ ನಿಮ್ಮ ಕೈ ಇದೆ.

ನಿನ್ನೆ ಸಂಜೆ ಬೈಂದೂರಿನಿಂದ ಫೋನ್ ಮಾಡಿದ್ದಿರಿ. ಇನ್ನೊಂದು ಕಾಮಿಡಿಯ ಕೊನೆಯ ರೀಲ್ ಸಿಕ್ಕಿತ್ತು.
"ಈ ಸಲ ದನಿಯೂ ಇತ್ತ್ ಶೈಲಾ! ನಾಳೆ ತಕಂಡ್ ಬತ್ತೆ."

ಇವತ್ತು ಅದನ್ನು ನನ್ನ ಕೈಗೆ ಕೊಟ್ಟವರು ನಿಮ್ಮ ತಮ್ಮ.
ಟೇಬಲ್ ಮೇಲಿದೆ. ನಾಳೆ ನಾನೇ ಚೆನ್ನೈಗೆ ತೆಗೆದುಕೊಂಡು ಹೋಗುತ್ತೇನೆ.
ಈ ಸಿನಿಮಾ ಪೂರ್ತಿಯಾಗುತ್ತದೆ. ನೋಡುತ್ತಿರಿ...

ನಿಶ್ಚಿಂತೆಯಿಂದ ಹೋಗಿ ಬನ್ನಿ ರಘುರಾಮಣ್ಣ.
ದಣಿದ ಜೀವಕ್ಕೆ ತಂಪಿರಲಿ. 🙏