ಇಲ್ಲದ ಮೆಟ್ಟಿಲ ಹಾಡು

ಮೊನ್ನೆ ಅರಸೀಕೆರೆಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಟೇಪ್ ರೆಕಾರ್ಡರ್ ಕಂಡೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೇಬೀಡಿನ ನಮ್ಮ ಪಕ್ಕದ ಮನೆಯ ಗೈಡ್ ಮಾವ ನೆನಪಾದರು...

ಮಾವ ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಶಿಲ್ಪಗಳನ್ನು ವಿವರಿಸುತ್ತಿದ್ದರು. ಮುರಿದುಹೋದ ಕೈಯಲ್ಲಿ ಏನಿತ್ತೆಂದು ಹೇಳುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅವರ ಒಬ್ಬಳೇ ಮಗಳು ನನ್ನ ಗೆಳತಿ. ಏಳನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಆಮೇಲೆ ಮಾವ ಕೆರೆ ಏರಿಯ ಮೇಲೆ ಒಬ್ಬರೇ ಹೋಗಿ ಕೂರತೊಡಗಿದರು. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಹೆದರಿ ಹಿಂದೆ ಹಿಂದೆಯೇ ಹೋಗುತ್ತಿದ್ದರು.

ಆ ವರ್ಷವೇ ವಿದೇಶಿ ಪ್ರವಾಸಿಯೊಬ್ಬ ಅವರಿಗೆ ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್ ಕೊಟ್ಟುಹೋದ. ಗಿಟಾರಿನ ಗದ್ದಲದ ನಡುವೆ ಗಾಯಕ ಏನನ್ನುತ್ತಾನೆಂದು ತಿಳಿಯಲು ಮಾವ ಒಂದೇ ಹಾಡನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ತಿಂಗಳು ಒದ್ದಾಡಿದ ಮೇಲೆ ಕನ್ನಡದಲ್ಲಿ ನಮಗೆ ದಕ್ಕಿದ್ದು ಇಷ್ಟು: ಇಲ್ಲದ ಮೆಟ್ಟಿಲ ಮೇಲೆ ನಿಂತಿದ್ದೇನೆ, ಹತ್ತಿ ಬರಬೇಡ, ಕೂಗಿದರೆ ಸಾಕು.

ಪ್ರೇಮದ ಹಾಡು ಎಂದೆ ನಾನು. ಇನ್ನೊಂದು ದಿನ, ಯಾರೋ ಕುಡುಕನದ್ದಿರಬೇಕು ಎಂದೆ. ಮಾವ ಒಪ್ಪಲಿಲ್ಲ. ಒಂದು ಸಂಜೆ ಟೇಪ್ ನಿಲ್ಲಿಸಿದರು.

"ಅವ್ಳೇ ಕಣಮ್ಮ ಹೇಳ್ತಿರೋದು. ನೀನು ಬರಬ್ಯಾಡ ಅಪ್ಪ, ಕೂಗಿದ್ರೆ ಸಾಕು ಅಂತಾವ್ಳೆ."

ಅಂದಿನಿಂದ ಕೆರೆ ಏರಿಗೆ ಹೋಗುವುದು ನಿಂತಿತು. ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಮಗಳ ಹೆಸರನ್ನು ಒಮ್ಮೆ ಕೂಗುತ್ತಿದ್ದರು, ಊಟಕ್ಕೆ ಕರೆಯುವ ಹಾಗೆ. ನಮ್ಮ ಮನೆಗೂ ಕೇಳುತ್ತಿತ್ತು.

ಮುಂದೆ ಡಿಗ್ರಿಗೆಂದು ಅರಸೀಕೆರೆಯಲ್ಲಿದ್ದಾಗ ಸೈಬರ್ ಸೆಂಟರಿನಲ್ಲಿ ಆ ಗಾಯಕನ ಸಂದರ್ಶನ ಸಿಕ್ಕಿತು. ಆ ಸಾಲಿಗೆ ಅರ್ಥವೇ ಇಲ್ಲ, ರಾಗಕ್ಕೆ ಕೂರುವ ಪದ ಬೇಕಿತ್ತು, ಬಾಯಿಗೆ ಬಂದದ್ದು ಹಾಡಿದೆ ಎಂದಿದ್ದ. ಪ್ರಿಂಟ್ ತೆಗೆಸಿಕೊಂಡು ಊರಿಗೆ ಬಂದೆ. ಏನೋ ಕಂಡುಹಿಡಿದ ಹೆಮ್ಮೆ ನನಗೆ. ಮಾವನ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದೆ.

ಮಾವ ಹಾಳೆ ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. "ಹಾಡಿದೋನೇ ಹೇಳವ್ನಲ್ಲ... ಇನ್ನೇನೈತೆ ಬಿಡು," ಎಂದು ಮಡಿಸಿ ವಾಪಸ್ ಕೊಟ್ಟರು.

ಆ ಸಂಜೆ ಹಿತ್ತಲ ಬಾಗಿಲು ತೆರೆಯಲಿಲ್ಲ. ಮರುದಿನವೂ ಇಲ್ಲ. ಹಾಡಿದವನಿಗೆ ಗೊತ್ತಿಲ್ಲದಿದ್ದರೆ ಏನಂತೆ ಮಾವ, ನಿಮಗೆ ಕೇಳಿಸಿತಲ್ಲ... ಅಷ್ಟು ಹೇಳಬೇಕಿತ್ತು. ಸೋಮವಾರ ಬೆಳಿಗ್ಗೆ ಬಸ್ ಹತ್ತಿದೆ.

ಎರಡು ವರ್ಷದ ನಂತರ ಎದೆನೋವು ಬಂದು, ಬೇಲೂರಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಾವ ಹೋಗಿಬಿಟ್ಟರು. ನೋಡಲು ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, "ಕೊನೆಕೊನೆಗೆ ಮಗಳ ಹೆಸ್ರೇ ಎತ್ತಲಿಲ್ಲ ಕಣೇ ಅವ್ರು. ಯಾಕೋ ಗೊತ್ತಾಗ್ನಿಲ್ಲ," ಎಂದರು.

ನನಗೆ ಗೊತ್ತಿತ್ತು. ಊರಿಗೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಅಂದುಕೊಂಡು ಅತ್ತೆ ಕೊಟ್ಟ ಕಾಫಿ ಕುಡಿದು ಎದ್ದುಬರುತ್ತಿದ್ದೆ. ಹೋದ ವರ್ಷ ಅತ್ತೆಯೂ ತೀರಿಕೊಂಡರು. ಇನ್ನು ಹೇಳಬೇಕಾದವರು ಯಾರೂ ಉಳಿದಿಲ್ಲ.