ಕಂಬಳಿ ಹೊದ್ದ ಸೇವಂತಿಗೆ

ಕೀಲಕ ಸಂವತ್ಸರದ ಧನುರ್ಮಾಸ ಕಾಲಿಟ್ಟ ಮೊದಲ ಬೆಳಗು. ಅರುಣೋದಯಕ್ಕೆ ಇನ್ನೂ ಹೊತ್ತಿದೆ. ಬೈಲಹೊಂಗಲದ ನೀಲಕಂಠ ಶಾಸ್ತ್ರಿಗಳ ಮನೆಯಲ್ಲಿ ನೈವೇದ್ಯದ ಹುಗ್ಗಿ ಕುದಿಯುತ್ತಿದೆ. ಮೆಣಸಿನ ಘಾಟು ಪಡಸಾಲೆಯವರೆಗೂ ಹಬ್ಬಿದೆ. ಅಂಗಳದ ಬಿಸಿಲು ಬೀಳುವ ಪಡಸಾಲೆಯ ಅಂಚಿನಲ್ಲಿ ಬಿದಿರಿನ ಗಳುಗಳ ಮೇಲೆ ಒಂದು ಕರಿಯ ಕಂಬಳಿ ಡೇರೆಯಂತೆ ಇಳಿಬಿದ್ದಿದೆ. ಅದರ ಮುಂದೆ ಬೀರವ್ವ ನಿಂತಿದ್ದಾಳೆ. ಒಳಗೆ ಹನ್ನೆರಡು ಸೇವಂತಿಗೆಯ ಕುಂಡಗಳಿವೆ. ದಿನವೂ ಕಂಬಳಿಯನ್ನು ಸರಸರನೆ ಸರಿಸಿಬಿಡುವ ಕೈ ಇಂದು ಏಳುತ್ತಿಲ್ಲ.

"ಯಾಕ ನಿಂತೀಯವಾ ಬೀರವ್ವಾ? ತಗಿಯಲ್ಲ," ಎನ್ನುತ್ತಾರೆ ಪಕ್ಕದ ಮಂಚದ ಮೇಲೆ ಕುಳಿತ ಲೀಲಾಬಾಯಿಯವರು. ಶಾಸ್ತ್ರಿಗಳ ತಾಯಿ, ಎಂಬತ್ತರ ಹತ್ತಿರದ ಜೀವ.

"ತಡೀರಿ ಬಾಯಾರ. ನಿನ್ನಿ ಸಂಜಿಕ ಮಗ್ಗಿ ಅಷ್ಟಷ್ಟ ಬಾಯಿ ಬಿಟ್ಟಿದ್ವು. ರಾತ್ರಿ ಥಂಡಿ ಭಾಳ ಬಿತ್ತು. ಅರಳ್ಯಾವೋ ಇಲ್ಲೋ ಅಂತ ಎದಿ ಡವಡವ ಅನ್ನಾಕ ಹತ್ತೇತಿ."

"ನಿನ್ನ ಎದಿ ಹಂಗಂದ್ರ ನನ್ನ ಎದಿ ಏನನ್ನಬೇಕ?"

ಆ ಮಾತಿನ ಹಿಂದೆ ಮೂವತ್ತು ವರ್ಷಗಳ ಒಂದು ವ್ರತವಿದೆ. ಧನುರ್ಮಾಸದ ಪ್ರತಿ ಬೆಳಗೂ ಸೂರ್ಯನು ಮೂಡುವ ಮೊದಲು, ಮನೆಯಲ್ಲೇ ಬೆಳೆದ ಹೂವನ್ನು ತಮ್ಮ ಕೈಯಾರೆ ಕೊಯ್ದು, ಕಟ್ಟಿ, ದೇವರಿಗೆ ಅರ್ಪಿಸುವುದು ಲೀಲಾಬಾಯಿಯವರ ಸಂಕಲ್ಪ. ಕೊಂಡ ಹೂ ಸಲ್ಲದು; ಪರರು ಕೊಯ್ದುದೂ ಸಲ್ಲದು. ಐದು ವರ್ಷಗಳ ಹಿಂದೆ ಅವರ ಮೊಣಕಾಲು ಸೋತು ಹಿತ್ತಿಲಿಗೆ ನಡೆಯುವುದು ನಿಂತಾಗ, ಹಿತ್ತಿಲನ್ನೇ ಮಂಚದ ಬಳಿಗೆ ತಂದವಳು ಬೀರವ್ವ.

ಆಕೆಯ ತವರು ಸಂಗೊಳ್ಳಿ. ಹತ್ತು ವರ್ಷಗಳ ಹಿಂದೆ ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿದ ಕಾಲದಲ್ಲಿ ಗಂಡ ಶಟ್ಟೆಪ್ಪ ತೀರಿಕೊಂಡ. ಅಂದಿನಿಂದ ಈ ಮನೆಯ ಅಂಗಳ ಗುಡಿಸಿ, ದನಗಳಿಗೆ ಮೇವು ಹಾಕಿ ಜೀವನ. ಹೂವಿನ ವಿದ್ಯೆ ಯಾರೂ ಕಲಿಸಿದ್ದಲ್ಲ. ಸಸಿಗಳಿಗಾಗಿ ಆಕೆ ನೇಸರಗಿಯ ಮಲಕಾಜಪ್ಪನ ತೋಟಕ್ಕೆ ನಡೆದೇ ಹೋಗುತ್ತಾಳೆ. ಹೂಬಿಟ್ಟು ದಣಿದ ಕಾಂಡದ ಚಿಗುರನ್ನು ಮುಟ್ಟುವುದಿಲ್ಲ. ಬುಡದಿಂದ ತುಸು ದೂರದಲ್ಲಿ ಮಣ್ಣೊಡೆದು ಬಂದ, ಗಿಡ್ಡ ಗಣ್ಣಿನ ಮರಿಯೇ ಆಗಬೇಕು.

"ಉದ್ದಂದು ನೋಡಾಕ ಚೆಂದ್ರಿ. ಆದ್ರ ಮುಂದ ಬರೇ ಮೈ ಬೆಳಸತೈತಿ, ಹೂವ ಕೊಡೂದುಲ್ಲ. ದುಡೀಲಾರದ ಹೊಂತಗಾರ ಅಳಿಯ ಇದ್ದಂಗ," ಎಂದು ಆಕೆ ನಗುತ್ತಾಳೆ.

ಬರಿಯ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಕೆಂಪು ಮಸಾರಿ ಮಣ್ಣನ್ನು ಎರಡು ಪಾಲು ಬೆರೆಸುತ್ತಾಳೆ. ಮೇಲೆ ಎರಡು ವರ್ಷ ಮಾಗಿದ ಕುರಿಗೊಬ್ಬರ. ಶ್ರಾವಣದಲ್ಲಿ ಕುಡಿ ಚಿವುಟಿ ಕವಲೊಡೆಸುತ್ತಾಳೆ. ಗಣೇಶನ ಚೌತಿ ಕಳೆದ ಬಳಿಕ ಉಗುರು ತಾಕಿಸುವುದಿಲ್ಲ. ದಿನವೂ ಹನ್ನೆರಡು ಕುಂಡಗಳನ್ನು ಬೆರಳ ಗಣ್ಣಿನಿಂದ ಬಡಿದು ಕಿವಿಗೊಡುತ್ತಾಳೆ. ಟಣ್ಣೆಂದರೆ ನೀರು ಬೇಕು, ದಬ್ಬೆಂದರೆ ಬೇಡ. ನೀರು ಬುಡಕ್ಕೆ ಮಾತ್ರ, ಎಲೆಗೆ ಹನಿಯೂ ಸಿಡಿಯಬಾರದು. ಬಿಸಿಲು ಎಲ್ಲ ಮಗ್ಗುಲಿಗೂ ತಾಕಲೆಂದು ಪ್ರತಿ ಕುಂಡವನ್ನೂ ದಿನಕ್ಕೆ ಕಾಲುಸುತ್ತು ತಿರುಗಿಸುತ್ತಾಳೆ.

ಹೀಗೆ ನಾಲ್ಕು ವರ್ಷ ವ್ರತ ಸಾಂಗವಾಗಿ ನಡೆಯಿತು. ಕಳೆದ ವರ್ಷ ಮಾತ್ರ ಒಂದು ಮೊಗ್ಗೂ ಮೂಡಲಿಲ್ಲ. ಗಿಡಗಳು ಮೊಳಕಾಲೆತ್ತರಕ್ಕೆ ಬೆಳೆದು ಹಸಿರಾಗಿ ನಿಂತವು, ಅಷ್ಟೆ. ಶಾಸ್ತ್ರಿಗಳು ಸಸ್ಯಚಿಕಿತ್ಸೆಯ ಹಳೆಯ ಓಲೆಗರಿಗಳನ್ನು ಬಿಚ್ಚಿ, ಹಾಲು ನೀರು ಬೆರೆಸಿ ಎರೆಸಿದರು. ತುಪ್ಪದ ಧೂಪ ಹಾಕಿಸಿದರು. ಇರುವೆಗಳು ಬಂದವು, ಹೂ ಬರಲಿಲ್ಲ. ಲೀಲಾಬಾಯಿಯವರು ಯಾರನ್ನೂ ಬೈಯಲಿಲ್ಲ. "ನನ್ನ ಕೈಯಿನ ಹೂವು ಸಾಕು ಅಂತ ದೇವರ ಮನಸಿಗೆ ಬಂದದ. ಇನ್ನೊಂದು ವರ್ಷ ನೋಡೋಣ. ಮುಂದಿನ ಸಲನೂ ಹಿಂಗ ಆದ್ರ ವ್ರತ ಬಿಟ್ಟುಬಿಡತೀನಿ," ಎಂದರು. ಆ ಮಾತು ಬೀರವ್ವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅದೇ ಮಾಗಿಯಲ್ಲಿ ಆಕೆಯ ಕಣ್ಣಿಗೊಂದು ಸಂಗತಿ ಬಿತ್ತು. ಒಡೆದ ಕುಂಡವೊಂದನ್ನು ಗಿಡದ ಸಮೇತ ದನದ ಕೊಟ್ಟಿಗೆಯ ಬಾಗಿಲಲ್ಲಿ ಎಸೆದಿದ್ದರು. ಕರು ಮೇದು ಬಿಟ್ಟ ಆ ಗಿಡದಲ್ಲಿ ಮೂರು ಹೂ ಅರಳಿದ್ದವು! ಅದೇ ಮರಿ, ಅದೇ ಮಣ್ಣು. ಆರೈಕೆ ಮಾತ್ರ ಇಲ್ಲ. ಪಡಸಾಲೆಯಲ್ಲಿ ಇದ್ದು ಕೊಟ್ಟಿಗೆಯಲ್ಲಿ ಇಲ್ಲದ್ದು ಏನು? ಕಸಬರಿಗೆ ಹಿಡಿದು ಗುಡಿಸುತ್ತ ಆಕೆ ಎಷ್ಟೋ ದಿನ ಇದನ್ನೇ ಯೋಚಿಸಿದಳು. ಕೊನೆಗೆ ಹೊಳೆಯಿತು: ದೀಪ. ಕಣ್ಣು ಮಂಜಾದ ತಾಯಿ ರಾತ್ರಿ ಎದ್ದಾಗ ಎಡವಬಾರದೆಂದು ಶಾಸ್ತ್ರಿಗಳು ಆ ವರ್ಷದ ಭಾದ್ರಪದದಲ್ಲಿ ಬೆಳಗಾವಿಯಿಂದ ಗಾಜಿನ ದೊಡ್ಡ ದೀಪ ತಂದು, ಮಂಚದ ತಲೆಯ ಬಳಿ ತೂಗಿಸಿದ್ದರು. ಅದು ಇರುಳೆಲ್ಲ ಉರಿಯುತ್ತದೆ.

"ಅವಕ್ಕ ನಿದ್ದಿ ಇಲ್ರಿ ಶಾಸ್ತ್ರ್ಯಾರ," ಎಂದಳು ಬೀರವ್ವ. "ಮಗ್ಗುಲದಾಗ ದೀಪ ಉರಿಯೂಮುಂದ ಕೂಸರ ಮಲಗತೈತೇನ್ರಿ? ಹಂಗ ಅವೂನೂ."

ಓಲೆಗರಿಯಲ್ಲಿ ಇಲ್ಲದ ಮಾತು. ಶಾಸ್ತ್ರಿಗಳು ನಕ್ಕರು, ಆದರೆ ತಳ್ಳಿಹಾಕಲಿಲ್ಲ. ದೀಪ ಆರಿಸುವಂತಿಲ್ಲ; ದಿನಾ ಸಂಜೆ ಕುಂಡಗಳನ್ನು ಎತ್ತಿ ಇಡುತ್ತಿದ್ದರೆ ಕೊಂಬೆಗಳು ಮುರಿಯುತ್ತವೆ. ಈ ವರ್ಷ ನವರಾತ್ರಿ ಮುಗಿದ ಮರುದಿನ ಬೀರವ್ವ ತನ್ನ ಕಂಬಳಿಯನ್ನೇ ತಂದಳು. ಆಕೆ ಹೊದ್ದ ಹತ್ತಿಯ ಬಟ್ಟೆಯಾಗಿದ್ದರೆ ಮಡಿಯ ಪಡಸಾಲೆಗೆ ಬರುವಂತಿರಲಿಲ್ಲ. "ಉಣ್ಣಿ ಕಂಬಳಿಗೆ ಮೈಲಿಗೆ ಇಲ್ಲ, ಕಟ್ಟು," ಎಂದು ಶಾಸ್ತ್ರಿಗಳೇ ಅಪ್ಪಣೆ ಕೊಟ್ಟರು. ಅಂದಿನಿಂದ ದೀಪ ಹಚ್ಚುವ ಮೊದಲು ಕಂಬಳಿ ಇಳಿಯುತ್ತದೆ, ಬೆಳಕು ಹರಿಯುವಾಗ ಏರುತ್ತದೆ. ಒಂದು ಸಂಜೆಯೂ ತಪ್ಪಿಲ್ಲ. ಮಾಗಿಯ ಚಳಿಯಲ್ಲಿ ಬೀರವ್ವ ಗೋಣಿತಟ್ಟು ಹೊದ್ದು ಮಲಗುತ್ತಾಳೆ; ಇದನ್ನು ಯಾರಿಗೂ ಹೇಳಿಲ್ಲ.

ಓಣಿಯವರ ಕುಚೋದ್ಯಕ್ಕೆ ಕೊನೆಯಿಲ್ಲ. ಹಾಲು ತರುವ ಇಂದ್ರವ್ವ ಈಗಲೂ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಏನ ಬೀರವ್ವಾ, ಗಿಡಕ್ಕೆಲ್ಲಾ ಸೆರಗ ಹೊಚ್ಚೀದಿ? ಹೊಸಾ ಸೊಸಿದೇರೇನ?"

"ಹೂಂ, ಬಸರಿ ಸೊಸಿದೇರು! ದೃಷ್ಟಿ ಹಾಕಬ್ಯಾಡ, ಹಾಲ ಹಾಕಿ ನಡಿ."

ಮೂಡಣದಲ್ಲಿ ಬೂದು ಬೆಳಕು ಸುಳಿಯುತ್ತಿದೆ. ಒಳಗಿನಿಂದ ಶಾಸ್ತ್ರಿಗಳು ಕೂಗುತ್ತಾರೆ, "ಹೂವು ಆಗ್ಯಾವೇನ? ಪೂಜಿಗೆ ಹೊತ್ತಾತು." ಬೀರವ್ವ ಕಣ್ಣು ಮುಚ್ಚಿ ಕಂಬಳಿಯನ್ನು ಒಮ್ಮೆಲೇ ಎಳೆಯುತ್ತಾಳೆ.

ಹಳದಿ! ದೀಪದ ಬೆಳಕಿನಲ್ಲಿ ಹೊನ್ನ ರಾಶಿ ಸುರಿದಂತೆ ಕುಂಡಗಳ ತುಂಬ ಹಳದಿ. ಲೀಲಾಬಾಯಿಯವರಿಗೆ ಸ್ಪಷ್ಟವಾಗಿ ಕಾಣಿಸದು, ಕೈ ಚಾಚುತ್ತಾರೆ. ಬೀರವ್ವ ಕುಂಡವೊಂದನ್ನು ಮಂಚದ ಅಂಚಿಗೆ ಸರಿಸುತ್ತಾಳೆ. ಅವರ ಬೆರಳುಗಳು ಎಸಳುಗಳ ಮೇಲೆ ಸುಳಿದು, ತೊಟ್ಟನ್ನು ಹುಡುಕಿ, ಮೊದಲ ಹೂವನ್ನು ಚಿವುಟುತ್ತವೆ.

"ಬ್ಯಾಡ ಅಂದಿಲ್ಲ ನೋಡವಾ ದೇವರು," ಎನ್ನುವಾಗ ಆ ಮುದಿಕಣ್ಣುಗಳು ತುಂಬಿ ಬರುತ್ತವೆ.

"ದೇವರು ಯಾಕ ಬ್ಯಾಡ ಅಂದಾನರಿ ಬಾಯಾರ? ದೀಪ ಅಂದಿತ್ತು."

ಮಾಲೆ ದೇವರ ಮನೆಗೆ ಹೋಗುತ್ತದೆ, ಮಂಗಳಾರತಿಯೂ ಆಗುತ್ತದೆ. ಬೀರವ್ವ ಮಾತ್ರ ಕೊನೆಯ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಹನ್ನೊಂದು ಅರಳಿವೆ, ಇದೊಂದರಲ್ಲಿ ಇವತ್ತಿಗೂ ಎಲೆಯ ಹೊರತು ಏನೂ ಇಲ್ಲ. ದೀಪಕ್ಕೆ ಎಲ್ಲಕ್ಕಿಂತ ಹತ್ತಿರದ ಕುಂಡ. ಆಕೆ ಕಂಬಳಿಯನ್ನು ಬೆಳಕಿಗೆ ಹಿಡಿಯುತ್ತಾಳೆ. ಆ ಕುಂಡದ ನೇರಕ್ಕೇ ನುಸಿ ತಿಂದ ತೂತಿನಲ್ಲಿ ನಾಲ್ಕು ಬೆರಳು ಸಲೀಸಾಗಿ ಆಚೆ ಹೋಗುತ್ತವೆ.

ಹುಗ್ಗಿಯ ಪ್ರಸಾದದೊಡನೆ ಹೊರಗೆ ಬಂದ ಶಾಸ್ತ್ರಿಗಳ ತೋಳಿನ ಮೇಲೆ ಹೊಸ ಕಂಬಳಿಯೊಂದಿದೆ. ಸವದತ್ತಿಯ ಸಂತೆಯಲ್ಲಿ ಕೊಂಡದ್ದು, ದಪ್ಪ ನೇಯ್ಗೆಯದು. ಗೋಣಿತಟ್ಟಿನ ಸುದ್ದಿ, ಅದನ್ನು ಕಂಡಿದ್ದ ಇಂದ್ರವ್ವನ ಬಾಯಿಂದ ಅವರ ಕಿವಿಗೆ ಬಿದ್ದಿತ್ತು. "ತಗೋ ಬೀರವ್ವಾ, ಇದು ನಿನಗ. ಇಷ್ಟು ದಿನಾ ಥಂಡಿಯೊಳಗ ಮಲಗಿ ನಮಗ ಹೇಳಲೇ ಇಲ್ಲಲ್ಲ ನೀ."

ಬೀರವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಿಡಿಸಿ, ದೀಪದ ಎದುರು ಎತ್ತಿ ಹಿಡಿಯುತ್ತಾಳೆ. ಒಂದು ಎಳೆಯಷ್ಟೂ ಬೆಳಕು ಇತ್ತ ತೂರುವುದಿಲ್ಲ. ಆಕೆಯ ಮುಖ ಅರಳುತ್ತದೆ. ಬೆರಳು ಮಡಚಿ ಏನೋ ಎಣಿಸುತ್ತಾಳೆ.

"ಇವತ್ತಿನಿಂದ ಈ ಕೂಸಿಗೆ ನಿದ್ದಿ ಸಿಕ್ಕರ ಶಿವರಾತ್ರಿಗೆ ಅರಳತೈತ್ರಿ. ಹೊಸಾದು ಗಿಡಕ್ಕ ಇರ್ಲಿ ಶಾಸ್ತ್ರ್ಯಾರ, ನನ್ನ ಹಳೇದು ನನಗ ಕೊಡ್ರಿ. ತೂತ ಇದ್ರ ಇರವಲ್ದ್ಯಾಕ? ನನಗ ಬೆಳಕಿನ್ಯಾಗೂ ನಿದ್ದಿ ಹತ್ತತೈತಿ."