ಮಂಜು ಸರಿದ ಕಣಿವೆಯ ಹನ್ನೆರಡು ಫೋಟೋ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಇವತ್ತು ಪಕ್ಕದ ಮನೆಯವರು ಅಂಗಳಕ್ಕೆಂದು ಕಲ್ಲು ಕೊಯ್ಯಿಸುತ್ತಿದ್ದರು. ಒದ್ದೆ ಕಲ್ಲುಪುಡಿಯ ವಾಸನೆ ಅಡುಗೆಮನೆಗೂ ಬಂತು. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಓದುವಾಗ ನನಗೆ ರೂಮು ಕೊಟ್ಟಿದ್ದ ಮಂಗಳೂರಿನ ಅಂಕಲ್ ನೆನಪಾದರು. ನ್ಯೂಜಿಲೆಂಡ್‌ನಿಂದ ಬಂದಾಗಲೆಲ್ಲ ಅವರ ಜಾಕೆಟ್‌ಗೆ ಇದೇ ವಾಸನೆ ಇರುತ್ತಿತ್ತು...

ನಮ್ಮ ಕನ್ನಡ ಬಳಗದವರನ್ನು ಪ್ರತಿ ವರ್ಷ ಅಲ್ಲಿನ ಹಿಮನದಿ ನೋಡಲು ಕರೆದೊಯ್ಯುತ್ತಿದ್ದವರು ಅವರೇ. ಉಳಿದವರು ಸೆಲ್ಫಿಯಲ್ಲಿ ಮುಳುಗಿದ್ದಾಗ ಅಂಕಲ್ ಅದೇ ಬಂಡೆ ಹತ್ತಿ, ಅದೇ ದಿಕ್ಕಿಗೆ ಒಂದು ಫೋಟೋ ತೆಗೆಯುತ್ತಿದ್ದರು. ಹನ್ನೆರಡು ವರ್ಷ, ಹನ್ನೆರಡು ಫೋಟೋ. ಮೊದಲನೆಯದರಲ್ಲಿ ಕಣಿವೆ ತುಂಬ ಬಿಳಿ ಮಂಜುಗಡ್ಡೆ. ಆಮೇಲೆ ಬೋಳು ಕಲ್ಲುರಾಶಿ, ಬೂದು ನೀರಿನ ಕೆರೆ, ಕಲ್ಲಿಗೆ ಹತ್ತಿದ ಪಾಚಿ, ಕೊನೆಗೆ ಮೊಣಕಾಲೆತ್ತರದ ಪೊದೆ. ಒಂದರಲ್ಲಿ ಗುಡ್ಡದ ಮಗ್ಗುಲೇ ಕುಸಿದಿತ್ತು.

"ಮಂಜು ಹೋದದ್ದು ಮಾತ್ರ ಅಲ್ಲ ಮಾರಾಯ್ತಿ," ಅಂದಿದ್ದರು. "ಗುಡ್ಡಕ್ಕೆ ಒರಗಲಿಕ್ಕೆ ಈಗ ಎಂತ ಉಂಟು?"

ತಿಂಗಳಿಗೊಂದರಂತೆ ಅವನ್ನು ಬಳಗದ ಕ್ಯಾಲೆಂಡರಿನಲ್ಲಿ ಹಾಕಬೇಕು, ಮಕ್ಕಳು ನೋಡಬೇಕು... ಅವರು ಬಳಗವನ್ನು ಕೇಳಿದ್ದು ಅದೊಂದೇ. ಅಷ್ಟರಲ್ಲಿ ಕೆಲಸ ಸಿಕ್ಕಿ ನಾನೂ ಕಮಿಟಿ ಸೇರಿದ್ದೆ.

ಕಾರ್ಯದರ್ಶಿ ನಕ್ಕುಬಿಟ್ಟ. "ಹಬ್ಬ ಹುಣ್ಣಿಮೆ ನೋಡೋ ಕ್ಯಾಲೆಂಡರ್ ಅಂಕಲ್, ಬರೀ ಕಲ್ಲು ಯಾರಿಗೆ ಬೇಕು? ಫಸ್ಟ್ ಫೋಟೋ ಸೂಪರ್ ಆಗಿದೆ, ಅದೊಂದೇ ಹಾಕೋಣ."

ಎಂಥ ಉಡಾಫೆ ಅದು. ಹನ್ನೆರಡು ವರ್ಷದ ಕೆಲಸವನ್ನು ಕಮಿಟಿಯವರು ಎರಡು ನಿಮಿಷದಲ್ಲಿ ಮುಗಿಸಿಬಿಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ, ಅವರ ಮೇಲಿಗಿಂತ ಹೆಚ್ಚು ನನ್ನ ಮೇಲೆ. ಒಪ್ಪಿಗೆಯೇ ಎಂದು ಕೇಳಿದಾಗ ನಾನೂ ಕೈ ಎತ್ತಿದ್ದೆ. ಅಂಕಲ್ ನನ್ನ ಕಡೆ ನೋಡಲಿಲ್ಲ. ಉಳಿದ ಫೋಟೋಗಳನ್ನು ಜೋಡಿಸಿಕೊಂಡು ಹೊರಟರು, ಮತ್ತೆ ಬಳಗದ ಕಡೆ ಸುಳಿಯಲಿಲ್ಲ. ನಾನು ಸಿಡ್ನಿಗೆ ಬಂದೆ. ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ತಿಳಿಯಿತು.

ಹೋದ ರಜೆಯಲ್ಲಿ ಮಗಳನ್ನು ಆ ಕಣಿವೆಗೆ ಕರೆದೊಯ್ದಿದ್ದೆ. ಅವಳು ಕಂಡಿದ್ದದ್ದು ನಮ್ಮ ಫ್ರಿಜ್ ಮೇಲೆ ಅಂಟಿಸಿದ್ದ, ಕ್ಯಾಲೆಂಡರಿನ ಆ ಬಿಳಿ ಚಿತ್ರವನ್ನಷ್ಟೇ. ಪೊದೆಗಳ ನಡುವೆ ನಿಂತು, "ಮಮ್, ಆರ್ ವಿ ಇನ್ ದ ರಾಂಗ್ ಪ್ಲೇಸ್?" ಅಂದಳು. ನಾಚಿಕೆಯಾಯಿತು. ಜಾಗ ಸರಿಯಾಗಿಯೇ ಇತ್ತು, ಸುಳ್ಳು ತೋರಿಸಿ ಬೆಳೆಸಿದವಳು ನಾನು.

ಇವತ್ತು ಸಂಜೆ ಧೈರ್ಯ ಮಾಡಿ ಅಂಕಲ್ ಮಗನಿಗೆ ಫೋನ್ ಮಾಡಿ ಆ ಫೋಟೋಗಳನ್ನು ಕೇಳಿದೆ. ಮನೆ ಮಾರುವಾಗ ಬಿಸಾಡಿದನಂತೆ.

"ಬರೀ ಕಲ್ಲಿನದ್ದು ಅಲ್ವಾ ಅಕ್ಕ," ಅಂದ. "ಕ್ಯಾಲೆಂಡರಲ್ಲಿ ಬಂದದ್ದು, ಐಸ್ ಇದ್ದದ್ದು ಒಂದು ಇಟ್ಟಿದ್ದೇನೆ. ಬೇಕಾ?"